ಬಿಚ್ಚಪ್ಪನ ಮೂರನೆಯ ಸಸಿ

ಗಡಿಯಾರ ರಿಪೇರಿಯವನಿಗೆ ಬೀದಿಯವರು ಇಟ್ಟ ಹೆಸರು ಬಿಚ್ಚಪ್ಪ. ಕೈಗೆ ಸಿಕ್ಕಿದ್ದನ್ನು ಬಿಚ್ಚಿ ಒಳಗೇನಿದೆ ಎಂದು ನೋಡದಿದ್ದರೆ ಅವನಿಗೆ ತಿಂದದ್ದು ಅರಗುತ್ತಿರಲಿಲ್ಲ. ಅಂಗಡಿಯಲ್ಲಿ ಈ ಚಟ ಅನ್ನ ಹಾಕುತ್ತಿತ್ತು, ಮನೆಯಲ್ಲಿ ಬೈಗುಳ ತರುತ್ತಿತ್ತು. ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಮಗಳ ಆಟದ ರೈಲು, ಒಂದೂ ಅವನ ಕೈಯಿಂದ ತಪ್ಪಿಸಿಕೊಂಡಿರಲಿಲ್ಲ.

ಅಂಥವನಿಗೆ ಅಕ್ಕ ಸಿಂಬಿಡಿಯಂ ಎಂಬ ಆರ್ಕಿಡ್ ಹೂವಿನ ಮೂರು ಎಳೆಯ ಸಸಿ ಕೊಟ್ಟಳು. ಬೀಜದಿಂದ ಎಬ್ಬಿಸಿದವು, ಒಂದೊಂದರದೂ ಒಂದೊಂದು ಬಣ್ಣ, ಅರಳಿದ ಮೇಲೇ ಗೊತ್ತಾಗೋದು, ಅದಕ್ಕೆ ವರ್ಷಗಳೇ ಬೇಕು ಎಂದಳು. ಅಷ್ಟು ಹೇಳಿದ್ದೇ ತಪ್ಪಾಯಿತು. ತೊಗಟೆ ಚೂರು, ಇದ್ದಿಲು, ಸಣ್ಣ ಕಲ್ಲು ಬೆರೆಸಿ ಸಸಿಗಳನ್ನು ಮಣ್ಣಿನ ಕುಂಡಗಳಿಗೆ ಬದಲಾಯಿಸಿದನೇನೋ ಸರಿ, ಆದರೆ ಒಳಗೆ ಬೇರು ಏನು ಮಾಡುತ್ತಿದೆ? ಆಗಾಗ ಮೆಲ್ಲಗೆ ಕಿತ್ತು ನೋಡಿ ಮತ್ತೆ ಊರುತ್ತಿದ್ದ. ಬೇರು ಮುರಿದು ಕೊಳೆತು ಮೊದಲನೆಯದು ಹೋಯಿತು. ಯಾಕೆ ಹೋಯಿತೆಂದು ತಿಳಿಯಲು ಎರಡನೆಯದನ್ನು ಕಿತ್ತ. ಅದೂ ಹೋಯಿತು.

ಉಳಿದದ್ದು ಒಂದೇ. ಅದೂ ಸತ್ತರೆ ಆ ಬಣ್ಣ ಯಾವುದೆಂದು ಯಾರಿಗೂ ತಿಳಿಯುವುದೇ ಇಲ್ಲವಲ್ಲ ಎಂದು ಬಿಚ್ಚಪ್ಪನಿಗೆ ನಿಜಕ್ಕೂ ಸಂಕಟವಾಯಿತು. ಆದರೆ ಕೈ ಮಾತು ಕೇಳಬೇಕಲ್ಲ.

ಹೆಂಡತಿ ಜಗಳಕ್ಕೆ ಹೋಗಲಿಲ್ಲ. ಒಳಗಿನದೆಲ್ಲ ಕಾಣುವ ಬಿಸ್ಕತ್ತಿನ ಪ್ಲಾಸ್ಟಿಕ್ ಡಬ್ಬಿಯೊಂದರ ತಳಕ್ಕೆ ಕಾಯಿಸಿದ ಮೊಳೆಯಿಂದ ತೂತು ಕೊರೆದು, ಸಸಿಯನ್ನು ಅದರಲ್ಲಿ ಕೂರಿಸಿ ಕಿಟಕಿಯಲ್ಲಿಟ್ಟಳು.

"ಕಣ್ತುಂಬ ನೋಡ್ಕೊಳ್ಳಿ. ಮುಟ್ಟಿದ್ರೆ ಮಾತ್ರ ನಾನು ಸುಮ್ನಿರಲ್ಲ."

ಅಂದಿನಿಂದ ಗಡಿಯಾರದ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು ಡಬ್ಬಿಯ ಮುಂದೆ ಕೂರುವುದೇ ಅವನ ಕೆಲಸವಾಯಿತು. ದಪ್ಪನೆಯ ಬಿಳಿ ಬೇರು ಕಲ್ಲು ಎದುರಾದರೆ ಬಳಸಿಕೊಂಡು ಮುಂದೆ ಹೋಗುತ್ತಿತ್ತು. ಡಬ್ಬಿಯ ಒಳಮೈ ಪಸೆ ಆರಿತೆಂದರೆ ನೀರು ಹಾಕುವ ಹೊತ್ತು. ಹೆಂಡತಿ ಅತ್ತ ತಿರುಗಿಯೂ ನೋಡುವುದಿಲ್ಲವೆಂದು ಅವನು ತಿಳಿದಿದ್ದ.

ಮರುವರ್ಷ ಬೇರು ಡಬ್ಬಿಯ ತುಂಬ ಸುತ್ತಿಕೊಂಡಿತು. ಈಗ ದೊಡ್ಡದಕ್ಕೆ ಬದಲಾಯಿಸಲು ಕೀಳಲೇಬೇಕು. ಬಿಚ್ಚಪ್ಪನಿಗೆ ಕೈಯೇ ಬರಲಿಲ್ಲ. ಕೊನೆಗೆ ಕತ್ತರಿ ತಂದು ಡಬ್ಬಿಯನ್ನೇ ಸೀಳಿದ. ಒಂದು ಬೇರೂ ಮುರಿಯಲಿಲ್ಲ. ಆ ಖುಷಿಯಲ್ಲಿ, ತನಗೂ ಬುದ್ಧಿ ಬಂದಿದೆ ಎಂದು ತೋರಿಸಲು ಹಳೆಯ ಮಣ್ಣಿನ ಕುಂಡ ಮುಂದಕ್ಕೆಳೆದು, ಇನ್ನು ನೋಡೋದೇನೂ ಬೇಡ, ಇದರಲ್ಲೇ ಇರಲಿ ಎಂದ.

ಹೆಂಡತಿ ಎದ್ದು ಹೋಗಿ, ಯಾವಾಗಲೋ ತೂತು ಕೊರೆದು ಸಕ್ಕರೆ ಡಬ್ಬದ ಹಿಂದೆ ಬಚ್ಚಿಟ್ಟಿದ್ದ ಇನ್ನೂ ದೊಡ್ಡ ಪ್ಲಾಸ್ಟಿಕ್ ಡಬ್ಬಿ ತಂದಿಟ್ಟಳು.

"ಕುಂಡ ಬೇಡ ರೀ. ನೀವು ಅಂಗಡಿಗೆ ಹೋದ್ಮೇಲೆ ನಾನೇನು ನೋಡ್ಲಿ?"