ಎರಡನೆಯ ಹಸಿರು ದೀಪ

ಎರಡು ಕೊಡೆ ಇಟ್ಟುಕೊಂಡೂ ಮಳೆಯಲ್ಲಿ ತೊಪ್ಪೆಯಾಗಿ ಮನೆಗೆ ಬಂದವನನ್ನು ನೀವು ನೋಡಿಲ್ಲದಿದ್ದರೆ ಜೋಡಣ್ಣನನ್ನು ನೋಡಬೇಕು. ಒಂದು ಕೊಡೆಯ ಕಡ್ಡಿ ಮುರಿದಿತ್ತು. ಇನ್ನೊಂದು, ಮೊದಲನೆಯದು ಕೈಕೊಟ್ಟರೆ ಇರಲಿ ಎಂದು ಚೀಲದ ತಳದಲ್ಲಿತ್ತು. ಅದರ ಮೇಲೆ ಊಟದ ಡಬ್ಬಿ, ಡಬ್ಬಿಯ ಮೇಲೆ ಇನ್ನೊಂದು ಡಬ್ಬಿ. ಅವನ್ನೆಲ್ಲ ಸರಿಸಿ ಕೊಡೆಯನ್ನು ಮೇಲೆ ತರುವಷ್ಟರಲ್ಲಿ ಮನೆಯ ಬಾಗಿಲು ಬಂದಿತ್ತು.

ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇದೆ. ಆದರೆ ಜೇಬಿನಲ್ಲಿ ಎರಡು ಪೆನ್ನು, ಮೂಗಿನ ಮೇಲೊಂದು ಹಣೆಯ ಮೇಲೊಂದು ಕನ್ನಡಕ, ಬೆಲ್ಟು ಬಿಗಿಯಾಗಿದ್ದರೂ ಒಳಗೊಂದು ಪಿನ್ನು, ಹೀಗೆ ಬದುಕುವವನನ್ನು ಆ ಹೆಸರಿನಿಂದ ಕರೆಯಲು ಯಾರಿಗೂ ಮನಸ್ಸಾಗಲಿಲ್ಲ. ಜೋಡಣ್ಣ ಅಂದರು, ಅದೇ ನಿಂತಿತು. ಹೆಂಡತಿಯ ತಂದೆ ಅವನ ಮನೆಯಲ್ಲೇ ಇದ್ದಾರೆ. ನಡೆಯಲು ಮಂಡಿ ಬಿಡುವುದಿಲ್ಲ, ಆದರೆ ನಾಲಿಗೆಗೆ ಮಂಡಿ ಇಲ್ಲವಲ್ಲ. "ಅಳಿಯಂದ್ರೇ, ನಿಮ್ಮ ಹತ್ರ ಎಲ್ಲಾ ಎರಡೆರಡಿದೆ. ಒಂದೇ ಒಂದು ಇರೋದು ಅಂದ್ರೆ ಮಾವ. ಜೋಪಾನ" ಎಂದು ಆಗಾಗ ನೆನಪಿಸುತ್ತಾರೆ.

ಅವನ ಕೆಲಸವೂ ಅವನ ಸ್ವಭಾವಕ್ಕೆ ಹೇಳಿ ಮಾಡಿಸಿದ್ದು. ನಿಲ್ಲಬಾರದ ಯಂತ್ರಗಳಿಗೆ ಕರೆಂಟು ಉಣಿಸುವ ಡಬ್ಬಗಳನ್ನು ಮಾಡುವ ಒಂದು ಸಣ್ಣ ಕಂಪನಿ. ಮೇಲಿನ ಮಹಡಿಯಲ್ಲಿ ಕಿಟಕಿ ಪಕ್ಕ ಒಂದು ಉದ್ದನೆಯ ಮೇಜು, ಅದರ ತುಂಬ ಮೀಟರು, ಬಣ್ಣದ ವೈರು, ಸುಟ್ಟ ಕಲೆ. ಪ್ರತಿಯೊಂದು ಕಲೆಯ ಚರಿತ್ರೆಯೂ ಜೋಡಣ್ಣನಿಗೆ ಬಾಯಿಪಾಠ, ಯಾಕೆಂದರೆ ಮುಕ್ಕಾಲುಪಾಲು ಅವನೇ ಮಾಡಿದ್ದು. ಅದಕ್ಕೆ ಟೆಸ್ಟ್ ಬೆಂಚ್ ಎನ್ನುತ್ತಾರೆ. ಜೋಡಣ್ಣ ಮಾತ್ರ "ನನ್ನ ಜಾಗ" ಎನ್ನುತ್ತಾನೆ.

ಆ ಜಾಗಕ್ಕೇ ಈಗ ಕುತ್ತು ಬಂದಿತ್ತು. ವಿಭಾಗದ ಹೊಸ ಮುಖ್ಯಸ್ಥೆ, ಎಲ್ಲರೂ ಮೇಡಂ ಅನ್ನುವವರು, ಒಂದು ದಿನ ಅಂಗೈಯಷ್ಟು ದೊಡ್ಡ ಹಸಿರು ಬೋರ್ಡೊಂದನ್ನು ತಂದು ಅವನ ಮುಂದಿಟ್ಟರು. ಚಿಪ್ ಮಾಡುವವರು ತಮ್ಮ ಸರಕು ಹೇಗಿದೆ ನೋಡಿ ಎಂದು ಮಾದರಿಗೆ ಕಳಿಸುವ ಬೋರ್ಡು, ಇವ್ಯಾಲ್ಯುಯೇಶನ್ ಬೋರ್ಡು. ಇದರಲ್ಲಿ ಎರಡು ಕಡೆಯಿಂದ ಕರೆಂಟು ಒಳಗೆ ಬರುತ್ತದೆ, ಒಂದು ಕಡೆಯಿಂದ ಹೊರಗೆ ಹೋಗುತ್ತದೆ. ಎರಡರಲ್ಲಿ ಯಾವುದು ಸತ್ತರೂ ಇನ್ನೊಂದು ತಕ್ಷಣ ಹೆಗಲು ಕೊಡಬೇಕು, ಆಚೆಗಿನ ಯಂತ್ರಕ್ಕೆ ಗೊತ್ತೇ ಆಗಬಾರದು.

"ರಕ್ತ ಶುದ್ಧಿ ಮಾಡೋ ಯಂತ್ರದ ಕಂಪನಿಯೋರು ನಾಳಿದ್ದು ಬರ್ತಿದಾರೆ" ಅಂದರು ಮೇಡಂ. "ಅವ್ರ ಕಣ್ಮುಂದೆ ಇದು ಪಾಸಾದ್ರೆ ಆರ್ಡರು ನಮ್ಗೆ, ಬೆಂಚು ನಿಮ್ಗೆ. ಇಲ್ಲಾಂದ್ರೆ ಟೆಸ್ಟಿಂಗ್ ಎಲ್ಲಾ ಹೊರಗೆ ಕೊಟ್ಬಿಡಿ ಅಂತ ಮೇಲಿನೋರು ಆಗ್ಲೇ ಹೇಳಿದಾರೆ."

"ಮತ್ತೆ ನಾನು?"

"ಗೋಡೌನಲ್ಲಿ ಒಂದು ಜಾಗ ಖಾಲಿ ಇದೆ."

ಗೋಡೌನು ನೆಲಮಾಳಿಗೆಯಲ್ಲಿದೆ. ಅಲ್ಲಿ ಕಿಟಕಿ ಇಲ್ಲ, ಸ್ಕ್ರೂಗಳಿವೆ. ಅಲ್ಲಿಗೆ ಹೋದವರು ಮೇಲೆ ಬಂದದ್ದನ್ನು ಜೋಡಣ್ಣ ನೋಡಿಲ್ಲ, ನಿವೃತ್ತಿಯ ಹಾರ ಹಾಕಿಸಿಕೊಳ್ಳಲು ಬಂದದ್ದು ಬಿಟ್ಟರೆ.

ಇಂಥ ಹೊತ್ತಿನಲ್ಲೇ ಹೆಂಡತಿಯ ಅಕ್ಕ ಮೆಟ್ಟಿಲಲ್ಲಿ ಜಾರಿ ಕಾಲು ಮುರಿದುಕೊಂಡರು. ಹೆಂಡತಿ ಮರುದಿನ ಬೆಳಿಗ್ಗೆಯೇ ಹೊರಟಳು.

"ನೀನು ಧೈರ್ಯವಾಗಿ ಹೋಗು, ನಾನಿದ್ದೀನಲ್ಲ" ಅಂದ ಜೋಡಣ್ಣ, ಮನೆಯ ಎರಡನೆಯ ಕಂಬ ತಾನೇ ಎಂಬ ಗತ್ತಿನಲ್ಲಿ.

"ಹೂಂ ರೀ, ನೀವಿದ್ದೀರಲ್ಲ" ಎಂದಳು ಹೆಂಡತಿ. ಅಷ್ಟರಲ್ಲಾಗಲೇ ಅವಳು ಫ್ರಿಜ್ಜಿನಲ್ಲಿ ಹೊತ್ತುಹೊತ್ತಿನ ಊಟವನ್ನು ಡಬ್ಬಿಗಳಲ್ಲಿ ತುಂಬಿಟ್ಟಿದ್ದಳು, ಅಪ್ಪನ ಮಾತ್ರೆಗಳನ್ನು ಬೆಳಿಗ್ಗೆ ರಾತ್ರಿ ಎಂದು ವಿಂಗಡಿಸಿದ್ದಳು, ಹಾಲಿಗೂ ಕಸಕ್ಕೂ ಬಾಗಿಲಿಗೂ ಪಕ್ಕದ ಮನೆಯವರಿಗೆ ಹೇಳಿದ್ದಳು. ಜೋಡಣ್ಣನಿಗೆ ಉಳಿದ ಕೆಲಸವೆಂದರೆ ಇರುವುದು. ಅದನ್ನವನು ಚೆನ್ನಾಗಿಯೇ ಮಾಡುತ್ತಿದ್ದ.

ಆಫೀಸಿಗೆ ಬಂದು ಬೋರ್ಡು ಹೂಡಲು ಕೂತ. ಹೂಡುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ಕರೆಂಟು ಕೊಡಲು ಎರಡು ಸಪ್ಲೈ ಪೆಟ್ಟಿಗೆ ಬೇಕು. ಎಡಕ್ಕೆ ಹಳೆಯದನ್ನಿಟ್ಟ. ಕಂಪನಿ ಶುರುವಾದಾಗಿನಿಂದ ಇರುವ ಪೆಟ್ಟಿಗೆ, ಬಣ್ಣ ಹೋಗಿದೆ, ಪ್ಲಗ್ಗು ಸಡಿಲ, ಒಮ್ಮೆ ತೆಗೆದರೆ ಮತ್ತೆ ಕೂರಿಸಲು ಓಲೈಸಬೇಕು, ಆದರೆ ಎತ್ತಿನಂತೆ ಗೇಯುತ್ತದೆ. ಬಲಕ್ಕೆ ಹೊಸದು, ಹೊಳೆಹೊಳೆಯುವುದು. ಯಂತ್ರದ ಬದಲು ನಿಂತು ಕರೆಂಟು ಎಳೆಯುವ ಎಲೆಕ್ಟ್ರಾನಿಕ್ ಲೋಡು ರಿಪೇರಿಗೆ ಹೋಗಿತ್ತಾದ್ದರಿಂದ ಹೊರೆಯಾಗಿ ಕಾರಿನ ಹೆಡ್‌ಲೈಟ್ ಬಲ್ಬೊಂದನ್ನು ಸಿಕ್ಕಿಸಿದ. ಬಲ್ಬು ಉರಿಯುತ್ತಿದ್ದರೆ ಯಂತ್ರ ಬದುಕಿದೆ ಎಂದು ಲೆಕ್ಕ.

ಇಂಥ ಪೆಟ್ಟಿಗೆಗೆ ಎರಡು ತಿರುಗಣೆ ಇರುತ್ತವೆ. ಒಂದು ವೋಲ್ಟೇಜಿಗೆ. ಇನ್ನೊಂದು, ಗರಿಷ್ಠ ಎಷ್ಟು ಕರೆಂಟು ಬಿಡಬಹುದು ಎಂಬುದಕ್ಕೆ. ಹೊಸ ಬೋರ್ಡಿಗೆ ಮೊದಲ ಸಲ ಕರೆಂಟು ಕೊಡುವಾಗ ತಿಳಿದವರು ಈ ಎರಡನೆಯದನ್ನು ಸೊನ್ನೆಯ ಹತ್ತಿರಕ್ಕೆ ಇಳಿಸಿರುತ್ತಾರೆ. ಎಲ್ಲಾದರೂ ತಪ್ಪು ವೈರು ಸೇರಿದ್ದರೆ ಹೊಗೆ ಬರದಿರಲಿ ಎಂದು. ಜೋಡಣ್ಣ ತಿಳಿದವನು. ಎರಡೂ ಪೆಟ್ಟಿಗೆಗಳಲ್ಲಿ ಇಳಿಸಿದ. ಹೊಗೆ ಬರಲಿಲ್ಲ. ಹಳೆಯ ಪೆಟ್ಟಿಗೆಯದನ್ನು ಮತ್ತೆ ಪೂರ್ತಿ ಏರಿಸಿದ. ಹೊಸದರ ಕಡೆ ಕೈ ಚಾಚಿದ. ಫೋನು ಬಂತು.

"ರೀ, ಅಪ್ಪನ ಬೆಳಗಿನ ಮಾತ್ರೆ ಕೊಟ್ರಾ?"

ಕೊಟ್ಟಿರಲಿಲ್ಲ. "ನಾನಿದ್ದೀನಲ್ಲ" ಅಂದ.

"ಅದು ಗೊತ್ತು. ಮಾತ್ರೆ ಕೊಟ್ರಾ?"

"ಅದು... ಈಗ ಮಾವನಿಗೆ ಫೋನ್ ಮಾಡ್ತೀನಿ."

"ಬೇಡ ಬಿಡಿ, ಪಕ್ಕದ್ಮನೆಯೋರು ಆಗ್ಲೇ ಕೊಟ್ರಂತೆ. ಸುಮ್ನೆ ಕೇಳ್ದೆ."

ಪಿಚ್ಚೆನಿಸಿ ಬೆಂಚಿನ ಕಡೆ ತಿರುಗಿದ. ಬೋರ್ಡಿನ ಮೇಲೆ ಎರಡು ಪುಟ್ಟ ಹಸಿರು ದೀಪಗಳು, ಪ್ರತಿ ಪೆಟ್ಟಿಗೆಗೊಂದು. ಎರಡೂ ಉರಿಯುತ್ತಿದ್ದವು. ಜಗತ್ತಿನಲ್ಲಿ ಇದಾದರೂ ಸರಿಯಾಗಿದೆ ಎನಿಸಿತು.

ಪಕ್ಕದ ಮೇಜಿನಲ್ಲಿ ಬೆಸುಗೆ ಹಾಕುವಾಕೆ, ಎಲ್ಲರಿಗೂ ಬೆಸುಗೆ ಅಕ್ಕ, ಕಣ್ಣೆತ್ತದೆ ಕೇಳಿದಳು, "ಏನ್ ಜೋಡಣ್ಣ, ಗೋಡೌನಿಗೆ ಎರಡು ಟಾರ್ಚು ತಗೊಂಡ್ರಾ?"

"ನೋಡ್ತಿರು" ಎಂದು ಹೊಸ ಪೆಟ್ಟಿಗೆಯ ಪ್ಲಗ್ಗನ್ನು ಎಳೆದ. ಒಂದು ಹಸಿರು ದೀಪ ಆರಿತು, ಬಲ್ಬು ಕಣ್ಣು ಕೂಡ ಮಿಟುಕಿಸಲಿಲ್ಲ. ಸಿಕ್ಕಿಸಿದ, ಎಳೆದ, ಸಿಕ್ಕಿಸಿದ. ಊಟದ ಮುಂಚೆ, ಊಟದ ನಂತರ, ಮೇಡಂ ಹಾದುಹೋದಾಗ ಅವರಿಗೆ ಕಾಣುವಂತೆ. ಪ್ರತಿ ಸಲವೂ ಹೊಸದನ್ನೇ ಎಳೆದ. ಹಳೆಯದರ ಪ್ಲಗ್ಗನ್ನು ಯಾರು ಓಲೈಸುತ್ತಾರೆ? ಅದೂ ಅಲ್ಲದೆ, ಗೇಯುವ ಎತ್ತನ್ನು ನಡುಹೊಲದಲ್ಲಿ ಬಿಚ್ಚುವುದು ಅವನ ಜಾಯಮಾನವಲ್ಲ. ಪರೀಕ್ಷೆ ಪಾಸು ಎಂದು ಬೋರ್ಡಿಗೆ ಚೀಟಿ ಅಂಟಿಸಿದ. ಬಿದ್ದುಹೋದೀತೆಂದು ಇನ್ನೊಂದು ಅಂಟಿಸಿದ.

ಮರುದಿನ ಗಿರಾಕಿ ಬಂದರು. ನರೆತ ಮೀಸೆ, ಮಡಿಸಿದ ತೋಳು, ಮಾತು ಕಮ್ಮಿ. ಜೋಡಣ್ಣ ಸೊಗಸಾಗಿ ವಿವರಿಸಿದ: ಯಾವ ಪೆಟ್ಟಿಗೆಯ ವೋಲ್ಟೇಜು ಕೂದಲೆಳೆಯಷ್ಟು ಹೆಚ್ಚಿದೆಯೋ ಅದು ಹೊರೆ ಹೊರುತ್ತದೆ, ಇನ್ನೊಂದು ಸಿದ್ಧವಾಗಿ ಕಾಯುತ್ತದೆ. "ನೋಡಿ ಸರ್" ಎಂದು ಹೊಸದರ ಪ್ಲಗ್ಗಿಗೆ ಕೈ ಹಾಕಿದ.

"ಅದಲ್ಲ. ಆ ಹಳೇದನ್ನ ಎಳೀರಿ."

"ಹಳೇದಾ ಸರ್? ಅದರ ಪ್ಲಗ್ಗು ಸ್ವಲ್ಪ..."

"ಸಾಯೋದು ಹಳೇದೇ ತಾನೆ?"

ವಾದಿಸುವ ಹಾಗಿರಲಿಲ್ಲ. ಜೋಡಣ್ಣ ಎಳೆದ.

ಬಲ್ಬು ಆರಿತು. ಹಾಗೆ ನೋಡಿದರೆ ಆರಿತು ಅನ್ನುವುದೂ ಮರ್ಯಾದೆಯ ಮಾತೇ. ಹೊಸ ಪೆಟ್ಟಿಗೆಯ ಮೀಟರು ಹನ್ನೆರಡು ವೋಲ್ಟಿನಿಂದ ಧೊಪ್ಪನೆ ನೆಲಕ್ಕೆ ಬಿತ್ತು, ಎರಡನೆಯ ಹಸಿರು ದೀಪವೂ ಹೋಯಿತು. ಜೋಡಣ್ಣನ ಮನಸ್ಸು ಆಗಲೇ ನೆಲಮಾಳಿಗೆಯ ಮೆಟ್ಟಿಲು ಇಳಿಯುತ್ತಿತ್ತು.

"ಚಿಪ್ಪೇ ಸರಿಯಿಲ್ವೇನೋ" ಎಂದರು ಮೇಡಂ ಮೆಲ್ಲಗೆ. ಪಾಪ, ಅವರು ಅವನಿಗೊಂದು ದಾರಿ ಬಿಟ್ಟುಕೊಟ್ಟರು. ಕುಣಿಯಲು ಬಾರದವಳು ನೆಲ ಡೊಂಕು ಅಂದಳಂತೆ. ಜೋಡಣ್ಣನಿಗೂ ನೆಲ ಡೊಂಕು ಅನ್ನುವ ಆಸೆ ಬಲವಾಗಿಯೇ ಇತ್ತು. ಬಾಯಿ ತೆರೆದ ಕೂಡ. "ಹೌದು ಮೇಡಂ, ಈ ಚಿಪ್ಪು" ಅನ್ನುವಷ್ಟರಲ್ಲಿ ಅವನ ಬಲಗೈ, ಇಷ್ಟು ವರ್ಷ ಬೆಂಚಿನಲ್ಲಿ ದುಡಿದ ಕೈ, ಯಜಮಾನನನ್ನು ಕೇಳದೆ ತಾನೇ ಹೋಗಿ ಹೊಸ ಪೆಟ್ಟಿಗೆಯ ಎರಡನೆಯ ತಿರುಗಣೆಯನ್ನು ಹಿಡಿದು ತಿರುವಿತು. ಬಲ್ಬಿನೊಳಗಿನ ತಂತಿ ಮೊದಲು ಕೆಂಪಾಯಿತು, ಆಮೇಲೆ ಹಳದಿ, ಆಮೇಲೆ ನಾಲ್ವರ ಮುಖಕ್ಕೂ ಬೆಳ್ಳಗೆ ಬೆಳಕು. ಆ ಬೆಳಕಿನಲ್ಲಿ ಎಲ್ಲರಿಗೂ ಚೆನ್ನಾಗಿ ಕಂಡದ್ದು ತಿರುಗಣೆಯ ಮೇಲಿದ್ದ ಜೋಡಣ್ಣನ ಕೈ.

ಗಿರಾಕಿ ಬಗ್ಗಿ ಆ ಕೈಯನ್ನು ನೋಡಿದರು. "ಇದು ಮುಚ್ಚಿತ್ತಾ?"

"ಮುಚ್ಚಿತ್ತು ಸರ್. ನಾನೇ ಮುಚ್ಚಿದ್ದು, ಜಾಗ್ರತೆಗೆ ಅಂತ. ತೆಗೆಯೋದು ಮರೆತೆ."

"ದೀಪ ಉರೀತಿತ್ತಲ್ಲ?"

"ಒಂದು ಹಸಿರು ದೀಪ ಉರಿಸೋಕೆ ಎಷ್ಟು ಬೇಕು ಸರ್? ಅಷ್ಟು ಬಿಡ್ತಿತ್ತು. ಹೊರೆ ಬಿದ್ದಾಗ ಕೂತ್ಬಿಡ್ತು."

"ಅಂದ್ರೆ ಇಷ್ಟು ಹೊತ್ತು ಅದು ಹೆಸರಿಗಿತ್ತು."

"ಹೂಂ ಸರ್" ಎಂದ ಜೋಡಣ್ಣ. ಈ ಮಾತನ್ನು ತಾನು ಪೆಟ್ಟಿಗೆಯ ಬಗ್ಗೆ ಹೇಳುತ್ತಿದ್ದೇನೆಯೋ ಬೇರೆ ಯಾರ ಬಗ್ಗೆಯೋ ಎಂಬ ಅನುಮಾನ ಅವನಿಗೆ ಆಗಲೇ ಶುರುವಾಗಿತ್ತು. "ನಿನ್ನೆಯಿಂದ ಕಿಟಕಿ ಪಕ್ಕ ಆರಾಮಾಗಿ ಕೂತಿತ್ತು."

ಬೆಸುಗೆ ಅಕ್ಕ ಕೆಮ್ಮಿದಳು. ಅದು ಕೆಮ್ಮಲ್ಲ ಎಂದು ಎಲ್ಲರಿಗೂ ಗೊತ್ತಾಯಿತು.

ಆಮೇಲೆ ಗಿರಾಕಿ ತಾವೇ ಪ್ಲಗ್ಗುಗಳನ್ನು ಎಳೆದರು. ಹಳೆಯದು, ಹೊಸದು, ಮತ್ತೆ ಹಳೆಯದು. ಬಲ್ಬು ಮಿಸುಕಲಿಲ್ಲ. ಬೋರ್ಡು ಚಿನ್ನದಂಥದ್ದು, ದೋಷವೆಲ್ಲ ಹೂಡಿದವನದು. ಕೊನೆಗೆ ಅವರು ಮೇಡಂ ಕಡೆ ತಿರುಗಿದರು. "ಬೋರ್ಡು ಒಪ್ಗೆ. ಆದ್ರೆ ಒಂದು ಮಾತು. ಹೂಡೋರೂ ಇವ್ರೇ, ಎಳೆಯೋರೂ ಇವ್ರೇ, ಪಾಸು ಅನ್ನೋರೂ ಇವ್ರೇ. ಎರಡು ಸಪ್ಲೈ ಮಾರೋ ಕಂಪನಿ ಬೆಂಚಲ್ಲಿ ಒಬ್ರೇ ಮನುಷ್ಯ ಇದ್ರೆ ಹೇಗೆ?"

ಹೀಗೆ ಬೆಂಚು ಉಳಿಯಿತು. ಜೋಡಣ್ಣನೂ ಉಳಿದ. ಆದರೆ ಅವನಿಗೇ ಒಂದು ಜೋಡಿ ಬಂತು. ಗಿರಾಕಿಯನ್ನು ಬೀಳ್ಕೊಟ್ಟು ಬಂದ ಮೇಡಂ ಬೆಸುಗೆ ಅಕ್ಕನನ್ನು ಕರೆದು, "ಇವತ್ತಿಂದ ನೀವೂ ಬೆಂಚಿಗೆ" ಅಂದರು. ಸಂಜೆಯವರೆಗೆ ಜೋಡಣ್ಣ ಅವಳಿಗೆ ಎಲ್ಲ ತೋರಿಸಿಕೊಟ್ಟ. ಅವಳು ಮೊದಲು ಕೇಳಿದ್ದೇ ಎರಡನೆಯ ತಿರುಗಣೆ ಎಲ್ಲಿದೆ ಅಂತ.

ಹೊರಡುವಾಗ ಮೇಡಂ, "ನಾಳೆ ನೀವು ರಜ ತಗೊಳ್ಳಿ" ಅಂದರು.

"ಯಾಕೆ ಮೇಡಂ? ಮೈಯೆಲ್ಲ ಹುಷಾರಾಗಿದೆ."

"ಹಳೇದನ್ನ ಎಳೆದು ನೋಡ್ಬೇಕಲ್ಲ, ಹೊಸದು ಹೊರುತ್ತಾ ಅಂತ."

ಮೇಡಂಗೆ ತಮಾಷೆ ಬರುತ್ತದೆಂದು ಅವನಿಗೆ ಅಂದೇ ಗೊತ್ತಾದದ್ದು.

ಮರುದಿನ ಬೆಳಿಗ್ಗೆ ಹೆಂಡತಿ ಫೋನು ಮಾಡಿದಳು. "ಇಲ್ಲಿ ಅಕ್ಕ ಏಳೋ ಹಾಗಿಲ್ಲ. ಆದ್ರೂ ಮನೆ ಕಷ್ಟ ಆದ್ರೆ ಬಂದ್ಬಿಡ್ತೀನಿ."

"ಬರ್ಬೇಡ. ಪಕ್ಕದ್ಮನೆಯೋರಿಗೂ ಇವತ್ತು ಬರ್ಬೇಡಿ ಅಂದಿದೀನಿ. ಡಬ್ಬಿ ಊಟ ಮುಟ್ಟಿಲ್ಲ, ಅಡುಗೆಗೆ ಇಟ್ಟಿದೀನಿ."

"ರೀ, ಜ್ವರ ಏನಾದ್ರೂ ಬಂದಿದ್ಯಾ?"

"ಇಲ್ಲ. ಹೊರೆ ಹಾಕಿ ನೋಡ್ತಿದೀನಿ."

"ಯಾರ ಮೇಲೆ?"

"ನನ್ಮೇಲೇ."

"ಒಲೆ ಸಣ್ಣಗಿಡಿ" ಎಂದಷ್ಟೇ ಹೇಳಿದಳು. ಅಷ್ಟರಲ್ಲಿ ಅನ್ನ ತಳ ಹಿಡಿದಿತ್ತು.

ಮಾವನ ಮಾತ್ರೆ ಮಾತ್ರ ಹೊತ್ತಿಗೆ ಸರಿಯಾಗಿ ಕೊಟ್ಟ. ಮಾವ ಅದನ್ನು ನುಂಗಿ, ಕಂದು ಬಣ್ಣದ ಅನ್ನವನ್ನು ಬೆರಳಿನಿಂದ ಒತ್ತಿ ನೋಡಿದರು. ಮಗಳು ಬಡಿಸಿದಾಗ ಕೊಂಕು ಹುಡುಕುವ ಮನುಷ್ಯ, ಅಂದು ಎರಡನೆಯ ಸಲ ತಟ್ಟೆ ಮುಂದೆ ಮಾಡಿದರು. ಬಲ್ಬಿನ ಕತೆಯನ್ನು ಹಿಂದಿನ ರಾತ್ರಿಯೇ ಅಳಿಯನ ಬಾಯಿಂದ ಕೇಳಿದ್ದರು. "ಅಳಿಯಂದ್ರೇ, ಬಲ್ಬು ಮಂಕಾಗಿದೆ. ಆದ್ರೆ ಆರಿಲ್ಲ."

ದಿನವಿಡೀ ಫೋನನ್ನು ಪಕ್ಕದಲ್ಲೇ ಇಟ್ಟುಕೊಂಡಿದ್ದ. ಪಾತ್ರೆ ತಿಕ್ಕುವಾಗ ಕಿಟಕಿಯಲ್ಲಿ, ಬಟ್ಟೆ ಒಣಹಾಕುವಾಗ ಜೇಬಿನಲ್ಲಿ. ಬೆಂಚಿನಲ್ಲಿ ಏನೋ ಎಡವಟ್ಟಾಗುತ್ತದೆ, ಕರೆಯುತ್ತಾರೆ, ತಾನು "ಇರಿ, ಬಂದೆ" ಅನ್ನುತ್ತೇನೆ ಎಂದು ಲೆಕ್ಕ ಹಾಕಿದ್ದ. ಎಡವಟ್ಟಾಗಲಿ ಎಂದು ಅವನೇನೂ ಹಾರೈಸಲಿಲ್ಲ. ಆದರೆ ಬೇಡವೆಂದು ಪ್ರಾರ್ಥಿಸಲೂ ಇಲ್ಲ. ಸಂಜೆ ಮೋಡ ಕವಿದು ಹನಿ ಶುರುವಾಗುವಾಗ ಕೊನೆಗೂ ಫೋನು ಬಂತು. ಬೆಸುಗೆ ಅಕ್ಕ.

"ಹೇಳಮ್ಮ" ಎಂದ, ಗಂಟಲು ಸರಿಮಾಡಿಕೊಂಡು. "ಬಲ್ಬು ಆರ್ತಾ?"

"ಇಲ್ವಲ್ಲ. ಬೆಳಿಗ್ಗೆಯಿಂದ ಎಳೆದೂ ಎಳೆದೂ ಸಾಕಾಯ್ತು, ಎರಡೂ ಕಡೆ."

"ಹಳೇ ಪ್ಲಗ್ಗು ತೊಂದ್ರೆ ಕೊಟ್ಟಿರ್ಬೇಕು."

"ಅದನ್ನ ಬಿಚ್ಚಿ ಹೊಸ ಪ್ಲಗ್ಗು ಹಾಕ್ಬಿಟ್ಟೆ. ಮತ್ತೆ ಜೋಡಣ್ಣ, ನೀವು ನಿನ್ನೆ ಬಿಟ್ಟುಹೋದ ಎರಡನೇ ಕೊಡೆ ಇಲ್ಲೇ ಬೆಂಚ್ ಮೇಲೆ ಬಿದ್ದಿದೆ. ಮೀಟರಿಡೋಕೆ ಅಡ್ಡ ಬರ್ತಿದೆ. ಗೋಡೌನಿಗೆ ಕಳಿಸ್ಲಾ?"

ಜೋಡಣ್ಣ ಕಿಟಕಿಯಾಚೆ ನೋಡಿದ. ಮಳೆ ಜೋರಾಗುತ್ತಿತ್ತು. ಹಾಲು ತರಬೇಕಿತ್ತು, ಪಕ್ಕದ ಮನೆಯವರಿಗೆ ಬೇಡ ಅಂದಾಗಿತ್ತು, ಬಾಗಿಲ ಮೂಲೆಯಲ್ಲಿದ್ದದ್ದು ಕಡ್ಡಿ ಮುರಿದ ಮೊದಲನೆಯದು.

"ಕಳಿಸು" ಅಂದ. "ಒಬ್ರಾದ್ರೂ ಹೋಗ್ಲಿ ಅಲ್ಲಿಗೆ."

ಮುರಿದ ಕೊಡೆಯನ್ನು ಹಿಡಿದು ಹೊರಟ. ಅರ್ಧ ತಲೆ ನೆನೆಯಿತು, ಅರ್ಧ ಉಳಿಯಿತು. ಹಾಲು ಮಾತ್ರ ಪೂರ್ತಿ ಮನೆಗೆ ಬಂತು.