ಏಪ್ರಿಲ್ ಬಿಸಿಲಲ್ಲಿ ಉಣ್ಣೆ ಟೋಪಿ

“ಒಸಿ ಕೂಸ ಇಡ್ಕೊಳವ್ವ” ಎಂದವರೇ ಸೀಟಿನ ಪಕ್ಕ ನಿಂತಿದ್ದ ಅಜ್ಜಿಯೊಬ್ಬರು ಮೊಮ್ಮಗುವನ್ನು ನನ್ನ ಮಡಿಲಿಗೆ ಹಾಕಿಬಿಟ್ಟರು. ಶೀಳನೆರೆಯಿಂದ ಕೆ.ಆರ್. ಪೇಟೆಗೆ ಹೊರಟ ಬಸ್ಸಿನಲ್ಲಿ ಕಾಲಿಡಲೂ ಜಾಗವಿರಲಿಲ್ಲ. ಮಗುವಿನ ತಾಯಿ ಇನ್ನೂ ಬಾಗಿಲ ಬಳಿಯ ನೂಕುನುಗ್ಗಲಲ್ಲಿ ಸಿಕ್ಕಿಕೊಂಡಿದ್ದಳು. ಏಪ್ರಿಲ್ ತಿಂಗಳ ಮಟಮಟ ಮಧ್ಯಾಹ್ನ. ಕೂಸಿಗೆ ಮಾತ್ರ ಉಣ್ಣೆ ಟೋಪಿ, ಸ್ವೆಟರು, ಕಾಲುಚೀಲ, ಮೇಲೊಂದು ಶಾಲು!

ಕಿರುಚಿ ಅಳುತ್ತಿದ್ದ ಕೂಸು ಇದ್ದಕ್ಕಿದ್ದಂತೆ ಸುಮ್ಮನಾಯಿತು. ಎದೆ ಮುಟ್ಟಿದರೆ ಕಾದ ಹಂಚು. ಗಾಬರಿಯಿಂದ ಟೋಪಿಗೆ ಕೈ ಹಾಕಿದೆ.

“ತಗೀಬ್ಯಾಡ ಕಣವ್ವ, ಥಂಡಿ ಆಗೋಯ್ತದೆ!” ಅಜ್ಜಿ ಕೂಗಿದರು.

ಬೇರೆಯವರ ಮಗು, ಒಂದು ಗಳಿಗೆ ಕೈ ತಡೆಯಿತು. ಆಮೇಲೆ ಯಾರ ಮಾತನ್ನೂ ಕೇಳಲಿಲ್ಲ. ಎಲ್ಲ ಕಳಚಿ, ಸೆರಗನ್ನು ಬಾಟಲಿಯ ನೀರಿನಲ್ಲಿ ನೆನೆಸಿ ಮೈ ಒರೆಸಿದೆ. ಅಷ್ಟರಲ್ಲಿ ನುಸುಳಿಕೊಂಡು ಬಂದ ತಾಯಿಗೆ ಒತ್ತರಿಸಿಕೊಂಡು ಜಾಗ ಕೊಟ್ಟೆ. ಅವಳು ಎದೆಗೆ ಹಿಡಿದರೂ ಕೂಸು ಮೊದಲು ಹಾಲಿಗೆ ಬಾಯೇ ತೆರೆಯಲಿಲ್ಲ. ಕೊನೆಗೆ ಕಣ್ಣು ಬಿಟ್ಟು, ಗುಟುಕು ಗುಟುಕಾಗಿ ಕುಡಿಯತೊಡಗಿತು.

ಬಸ್‌ಸ್ಟ್ಯಾಂಡ್ ಬರುವ ಹೊತ್ತಿಗೆ ಮತ್ತೆ ನನ್ನ ಮಡಿಲಿಗೆ ಬಂದ ಕೂಸು ನನ್ನ ಸೀರೆಯ ಮೇಲೆ ಧಾರಾಳವಾಗಿ ಉಚ್ಚೆ ಹೊಯ್ದು ಕೈಕಾಲು ಬಡಿಯಿತು. ಅಜ್ಜಿ ಅಳುತ್ತಲೇ ನಕ್ಕರು: “ಥಂಡಿಗೆ ಎದ್ರಿಕಂಡು ಬಿಸ್ಲನ್ನೇ ಮರ್ತ್‌ಬುಟ್ನಲ್ಲವ್ವ!” ಅಲ್ಲಿಂದ ಅಜ್ಜಿ, ತಾಯಿ ಇಬ್ಬರೂ ಕೂಸನ್ನು ತೋರಿಸಲು ಆಸ್ಪತ್ರೆಗೆ ನಡೆದರು, ಟೋಪಿ ಅಜ್ಜಿಯ ಕೈಯಲ್ಲೇ ಇತ್ತು.

ಚಳಿ ಕಷ್ಟವೋ ಸೆಕೆ ಕಷ್ಟವೋ ಎಂದು ಮನೆಯಲ್ಲಿ ವಾದ ಎದ್ದರೆ ನಾನೀಗ ಥಟ್ಟನೆ ಸೆಕೆ ಎನ್ನುತ್ತೇನೆ. ಚಳಿಗೆ ಹೆದರಿದಂತೆ ಸೆಕೆಗೆ ನಾವು ಹೆದರುವುದೇ ಇಲ್ಲವಲ್ಲ. ಅವತ್ತು ಒದ್ದೆ ಸೀರೆಯಲ್ಲೇ ಪೇಟೆ ಬೀದಿಯಲ್ಲಿ ನಡೆದೆ. ಅಂಥ ತಂಪು ಆ ಬೇಸಿಗೆಯಲ್ಲಿ ಮತ್ತೆ ಸಿಗಲಿಲ್ಲ.