ಹಿಂದೆ ನಿಂತು ನೋಡುತ್ತಿದ್ದ ಮಿಸ್ತ್ರಿ

ಮೋಟಾರ್ ಸೈಕಲ್ಲಿನ ಮುಂದಿನ ಫೋರ್ಕಿನೊಳಗೆ ವರ್ಷಗಟ್ಟಲೆ ಕೊಳೆತ ಎಣ್ಣೆಗೆ ಒಂದು ನಾತವಿದೆ. ಕೊಳೆತ ಮೀನಿನ ಹಾಗೆ ಎಂದು ಬಲ್ಲವರು ಹೇಳುತ್ತಾರೆ. ಮೀನಿನ ಪರಿಚಯವಿಲ್ಲದ ನಾನು ನನ್ನ ಅಧಿಕಾರದ ವ್ಯಾಪ್ತಿಯಲ್ಲಿ ಹೇಳುವುದಾದರೆ, ಮೂಲೆಯಲ್ಲಿ ಮರೆತುಹೋದ ಉಳ್ಳಾಗಡ್ಡಿ ಚೀಲದ ಅಡಿಯಿಂದ ಸೋರುವ ನೀರಿನ ಹಾಗೆ. ಹೋದ ವಾರ ನನ್ನ ಹಳೆಯ ಗಾಡಿಯ ಎಣ್ಣೆ ತಡೆಯುವ ಸೀಲು ಒಡೆದು ಆ ಎಣ್ಣೆ ಅಂಗಳದ ಫರಸಿಗೂ ನನ್ನ ಬಿಳಿ ಧೋತರಕ್ಕೂ ಇಳಿಯಿತು. ಧೋತರವನ್ನು ಮೂರು ಸಲ ಒಗೆದರೂ ನಾತ ಹೋಗಲಿಲ್ಲ. ನನ್ನ ಹೇಸಿಕೆ ಆ ಎಣ್ಣೆಗೇ ನಿಂತಿದ್ದರೆ ಚೆನ್ನಾಗಿತ್ತು... ಅದು ಬೈಲಹೊಂಗಲದ ಬಜಾರದಲ್ಲಿ ಗಾಡಿ ರಿಪೇರಿ ಮಾಡುವ ಒಬ್ಬ ಮಿಸ್ತ್ರಿಯವರೆಗೆ ಹೋಗಿ, ಅಲ್ಲಿಂದ ತಿರುಗಿ ನನ್ನ ಮೇಲೆಯೇ ಬಂತು.

ತೊಂಬತ್ತರ ದಶಕದ ಮಾತು. ನಾನು ಬೈಲಹೊಂಗಲದಿಂದ ಮುರಗೋಡಕ್ಕೆ ದಿನವೂ ಹೋಗಿಬರುವ ಮಾಸ್ತರ. ಗಾಡಿ ಕೈಬದಲಾಗಿ ಬಂದದ್ದು. ಹಿಂದಿನ ಮಾಲೀಕ ಶೋಕಿಯ ಮನುಷ್ಯ. ಕಂಪನಿ ಕೊಟ್ಟ ಹ್ಯಾಂಡಲ್ ತೆಗೆಸಿ, ಒಂದು ಗಿಡ್ಡ, ತಗ್ಗಿನ ಹ್ಯಾಂಡಲ್ ಹಾಕಿಸಿದ್ದ. ಅದನ್ನು ಹಿಡಿದು ಕುಳಿತರೆ ಸಮಾಜಶಾಸ್ತ್ರ ಕಲಿಸುವ ನಾನು, ಬಿದ್ದ ನಾಣ್ಯ ಹುಡುಕುವವನಂತೆ ಊರೂರಿಗೆ ಬಾಗಿಕೊಂಡೇ ಹೋಗಬೇಕಾಗುತ್ತಿತ್ತು. ಆರು ತಿಂಗಳಲ್ಲಿ ಸೊಂಟ ಹಿಡಿಯಿತು, ಅಂಗೈ ಜೋಮು ಹಿಡಿಯಿತು. ಆಗ ಎಲ್ಲರೂ ಹೇಳಿದ್ದು ಈ ಮಿಸ್ತ್ರಿಯ ಹೆಸರನ್ನೇ.

ಮನುಷ್ಯನನ್ನು ನೋಡಿದರೆ ಗಾಡಿ ಕೊಡುವ ಮನಸ್ಸು ಬರುತ್ತಿರಲಿಲ್ಲ. ಗಲ್ಲದಲ್ಲಿ ಸದಾ ತಂಬಾಕು. ಅಂಗಡಿಯಲ್ಲಿ ಎರಡು ಡಬ್ಬಿಗಳಿದ್ದವು, ಒಂದು ಎಣ್ಣೆಗೆ, ಒಂದು ಉಗುಳಿಗೆ. ಯಾವುದು ಯಾವುದಕ್ಕೆ ಎಂಬುದು ಅವನಿಗೆ ಮಾತ್ರ ಗೊತ್ತು. ಅವನಿಗೂ ಗೊತ್ತಿತ್ತೆ ಎಂಬ ಸಂಶಯ ನನಗೆ ಈಗಲೂ ಇದೆ. ಫೋರ್ಕಿನ ಹಳೆಯ ಎಣ್ಣೆ ಇಳಿಸಿ, ಎರಡು ಬೆರಳ ನಡುವೆ ತಿಕ್ಕಿ, ಮೂಸಿ, ಕೊನೆಗೆ ನಾಲಿಗೆಯ ತುದಿಗೆ ಮುಟ್ಟಿಸುತ್ತಿದ್ದ. ಕಣ್ಣು ಮುಚ್ಚಿ ಒಂದು ಕ್ಷಣ ಧ್ಯಾನಿಸಿ, ನೀರು ಹೊಕ್ಕಿದೆ ಎಂದೋ, ತೆಳ್ಳಗಾಗಿದೆ ಎಂದೋ ತೀರ್ಪು ಕೊಡುತ್ತಿದ್ದ. ಅಷ್ಟರಲ್ಲಿ ನಾನು ಗೋಡೆಯ ಕಡೆ ಮುಖ ಮಾಡಿರುತ್ತಿದ್ದೆ. ಅದೇ ಕೈಯಿಂದ ಚಹಾದ ಬಸಿ ಚಾಚುತ್ತಿದ್ದ. ಇವತ್ತು ಉಪವಾಸ ಎಂದು ನಾನು ವಾರಕ್ಕೆ ಐದು ದಿನ ಹೇಳುತ್ತಿದ್ದೆ.

ಆದರೆ ಅವನ ಕೆಲಸದ ಶಿಸ್ತು ಬೇರೆ. ಗಾಡಿಯನ್ನು ನೆಟ್ಟಗೆ ನಿಲ್ಲಿಸಿ, ನನ್ನನ್ನು ಕೂರಿಸಿ, ಕಣ್ಣು ಮುಚ್ಚಿಸಿ, ಕೈಗಳನ್ನು ಮುಂದೆ ಚಾಚಿಸಿ ಸಡಿಲ ಬಿಡಿಸಿದ. ಅವು ಎಲ್ಲಿ ಬಂದು ನಿಂತವೋ ಅಲ್ಲಿಗೆ ಗೇಣಿನಿಂದ ಅಳೆದ. ಗಿಡ್ಡ ಹ್ಯಾಂಡಲ್ ಬಿಚ್ಚಿ, ಎತ್ತರದ್ದೊಂದನ್ನು ಕೂರಿಸಿ, ಮಣಿಕಟ್ಟು ಮುರಿಯದ ಹಾಗೆ ಕೂದಲೆಳೆಯಷ್ಟು ತಿರುಗಿಸಿ ಬಿಗಿ ಮಾಡಿದ.

“ಕೈ ಹ್ಯಾಂಡಲ್ ಹುಡಿಕ್ಕೊಂಡು ಹೋಗಬಾರದ್ರಿ ಮಾಸ್ತರ್ರ. ಹ್ಯಾಂಡಲ್ ಕೈಗೆ ಬರಬೇಕು.”

ಬಂತು. ಇಪ್ಪತ್ತು ವರ್ಷ ಚಿಕ್ಕವನಾದಂತೆ ಅನಿಸಿತು. ಅಲ್ಲಿಗೇ ನಿಲ್ಲಿಸಿದ್ದರೆ ಈ ಲೇಖನ ಬೇಕಾಗುತ್ತಿರಲಿಲ್ಲ... ಕುಲುಕು ತಡೆಯುವ ಹಿಂದಿನ ಶಾಕಪ್ಪಿನ ಕೆಲಸ ಉಳಿದಿತ್ತು. ಅದರ ಸ್ಪ್ರಿಂಗಿನ ಕೆಳಗೆ ಐದು ಮೆಟ್ಟಿಲುಗಳಿರುತ್ತವೆ. ಕೊಕ್ಕೆಯ ಪಾನಾ ಹಾಕಿ ತಿರುವಿದರೆ ಒಂದೊಂದು ಮೆಟ್ಟಿಲಿಗೂ ಸ್ಪ್ರಿಂಗು ಬಿಗಿಯಾಗುತ್ತದೆ. ಹಗುರ ಭಾರಕ್ಕೆ ಕೆಳಗಿನ ಮೆಟ್ಟಿಲು, ಹೆಚ್ಚಿನ ಭಾರಕ್ಕೆ ಮೇಲಿನದು. ಹಿಂದೆ ಯಾರು ಕೂರುತ್ತಾರೆಂದು ಕೇಳಿದ. ಮನೆಯವರು ಎಂದೆ.

“ಹಂಗಾರ ಅವರನ್ನ ಕರಕೊಂಡ ಬರ್ರಿ. ನೀವೂ ಕುಂದರಬೇಕು, ಅವರೂ ಕುಂದರಬೇಕು. ಗಾಡಿ ಎಷ್ಟು ಕುಸೀತೈತಿ ನಾ ಹಿಂದ ನಿಂತು ನೋಡಬೇಕು.”

ಅವನ ಅಂಗಡಿಯ ಎದುರಿಗೇ ಒಂದು ಅರಿವೆ ಅಂಗಡಿಯ ಕಟ್ಟೆ. ಊರಿನ ಮಾನಮರ್ಯಾದೆಯ ಉಸ್ತುವಾರಿ ಹೊತ್ತ ನಾಲ್ವರು ಹಿರಿಯರು ಮುಂಜಾನೆಯಿಂದ ಅದರ ಮೇಲೆ ಆಸೀನರಾಗಿರುತ್ತಿದ್ದರು. ಓಡುವ ಗಾಡಿಯ ಮೇಲೆ ಕುಳಿತ ಹೆಂಡತಿ ಸಂಸಾರ. ನಿಂತ ಗಾಡಿಯ ಮೇಲೆ ಕುಳಿತ ಹೆಂಡತಿ ಪ್ರದರ್ಶನ. ಇದು ಯಾವ ಶಾಸ್ತ್ರದಲ್ಲೂ ಬರೆದಿಲ್ಲ, ಆದರೆ ಕಟ್ಟೆಯ ಮೇಲೆ ಕುಳಿತವರಿಗೆಲ್ಲ ಬಾಯಿಪಾಠ. ಅದರಲ್ಲೂ ತಂಬಾಕು ಜಗಿಯುವವನೊಬ್ಬ ಆಕೆಯ ಪಾದದ ಹತ್ತಿರ ಕುಕ್ಕರುಗಾಲಲ್ಲಿ ಕುಳಿತು ಗಾಲಿ ನೋಡುವುದೆಂದರೆ... ನಾನು ಮನೆಗೆ ಹೋದೆ. ಹೆಂಡತಿಗೆ ವಿಷಯವನ್ನೇ ಎತ್ತಲಿಲ್ಲ. ಮರುದಿನ ತಿರುಗಿ ಹೋಗಿ, ಮನೆಯವರು ನನ್ನ ಜೊತೆ ಬರುವುದು ಅಪರೂಪ, ಹಿಂದೆ ಹೇರುವುದು ಹೆಚ್ಚೆಂದರೆ ಅರ್ಧ ಚೀಲ ಜೋಳ ಎಂದು ಹೇಳಿದೆ.

ಅವನು ನನ್ನನ್ನು ಒಂದು ಗಳಿಗೆ ನೋಡಿದ. ಮಾಸ್ತರ ಸುಳ್ಳು ಹೇಳುವುದಿಲ್ಲ ಎಂಬ ನಂಬಿಕೆ ಆಗಿನ್ನೂ ಚಲಾವಣೆಯಲ್ಲಿತ್ತು. ಪಕ್ಕದ ಕಾಳಿನ ಅಡತಿಯಿಂದ ಅರ್ಧ ಚೀಲ ಜೋಳ ತರಿಸಿ, ಸೀಟಿನ ಮೇಲಿಟ್ಟು, ನನ್ನನ್ನು ಕೂರಿಸಿ, ಹಿಂದೆ ನಿಂತು ನೋಡಿ ಎರಡನೆಯ ಮೆಟ್ಟಿಲಿಗೆ ಹಾಕಿದ. ಹೆಂಡತಿಯ ಸ್ಥಾನದಲ್ಲಿ ವಿರಾಜಮಾನವಾದ ಆ ಚೀಲಕ್ಕೆ ಕಟ್ಟೆಯವರು ಯಾರೂ ಆಕ್ಷೇಪಣೆ ಎತ್ತಲಿಲ್ಲ.

ಚೀಲಕ್ಕೂ ನನ್ನ ಹೆಂಡತಿಗೂ ಇರುವ ವ್ಯತ್ಯಾಸ ತಿಳಿಯಲು ತಿಂಗಳು ಸಾಕಾಯಿತು. ಹೂಲಿ ಅವಳ ತವರು. ಅಲ್ಲಿಂದ ಬರುವಾಗ ಅವಳು ಒಂದೇ ಮಗ್ಗುಲಿಗೆ ಕಾಲಿಳಿಬಿಟ್ಟು ಕುಳಿತಿದ್ದಳು, ತೊಡೆಯ ಮೇಲೆ ತವರಿನ ಶೇಂಗಾದ ಗಂಟು. ಹೊರಟಾಗಿನಿಂದ ಗಾಡಿಯ ಹಿಂಭಾಗ ಕುಸಿದಿತ್ತು, ಮುಂಭಾಗ ಹಗುರಾಗಿ ಹ್ಯಾಂಡಲ್ ತೇಲಿದ ಹಾಗಾಗುತ್ತಿತ್ತು. ಕಾರಣ ನನಗೆ ಗೊತ್ತಿತ್ತು. ಆದರೂ ನಿಲ್ಲಿಸಲಿಲ್ಲ. ಮುರಗೋಡ ದಾಟಿದ ಮೇಲೆ ಒಂದು ಮೋರಿಯ ತಗ್ಗು ಬಂತು. ಹಿಂದಿನ ಗಾಲಿ ಮಡ್‌ಗಾರ್ಡಿಗೆ ಬಡಿಯಿತು, ಹ್ಯಾಂಡಲ್ ಎರಡು ಸಲ ಒದ್ದಾಡಿತು... ನನಗೆ ತರಚಿದ್ದಷ್ಟೆ. ಅವಳ ಬಲಗೈ ಮಣಿಕಟ್ಟು ಮುರಿಯಿತು.

ಮುಂದಿನದನ್ನು ಬರೆಯುವಾಗ ಧೋತರದ ನಾತ ಜಾಸ್ತಿಯಾಗುತ್ತದೆ. ಗಾಡಿಯನ್ನು ಮಿಸ್ತ್ರಿಯ ಅಂಗಡಿಗೆ ತಳ್ಳಿಸಿಕೊಂಡು ಹೋದೆ. ಕಟ್ಟೆಯ ಹಿರಿಯರು ಎದ್ದು ಬಂದರು. ಏನಾಯಿತೆಂದು ಅವರು ಕೇಳುವ ಮೊದಲೇ ನಾನು ಗಟ್ಟಿಯಾಗಿ, ಪಾಠ ಹೇಳುವ ದನಿಯಲ್ಲಿ ಹೇಳಿದೆ:

“ನೀ ಹ್ಯಾಂಡಲ್ ಎತ್ತರ ಮಾಡಿದ್ದಕ್ಕ ಹಿಂಗಾತು ನೋಡ. ನಮ್ಮ ಮನಿಯವರ ಕೈ ಮುರೀತು.”

ಅವನು ಕುಕ್ಕರುಗಾಲಲ್ಲಿ ಕುಳಿತು ಮಡ್‌ಗಾರ್ಡಿನ ಒಳಗೆ ಕೈ ಹಾಕಿದ. ಹೊರಗೆ ತೆಗೆದಾಗ ಬೆರಳಿಗೆ ಟೈರು ತಿಕ್ಕಿದ ಕರಿ ಹತ್ತಿತ್ತು. ಅರ್ಧ ಚೀಲ ಜೋಳಕ್ಕೆ ಗಾಲಿ ಅಲ್ಲಿಯವರೆಗೆ ಏರುವುದಿಲ್ಲ ಎಂದು ಅವನಿಗೂ ಗೊತ್ತು, ಅವನಿಗೆ ಗೊತ್ತಾಯಿತೆಂದು ನನಗೂ ಗೊತ್ತು. ಆ ಬೆರಳನ್ನು ಕಟ್ಟೆಯವರಿಗೆ ತೋರಿಸಿ ಒಂದು ಮಾತು ಹೇಳಿದ್ದರೆ ಸಾಕಿತ್ತು. ಅವನು ಅದನ್ನು ತನ್ನ ಅಂಗಿಗೆ ಒರೆಸಿಕೊಂಡ.

“ನಂದ ತಪ್ಪ್ರಿ. ನೋಡಿ ಮಾಡಬೇಕಿತ್ತು. ಕೇಳಿ ಮಾಡಿದೆ.”

ಕಟ್ಟೆಯವರು ಅದನ್ನು ತಪ್ಪೊಪ್ಪಿಗೆ ಎಂದು ದಾಖಲಿಸಿಕೊಂಡರು. ಎಣ್ಣೆಯನ್ನು ನಾಲಿಗೆಗೆ ಹಚ್ಚುವವನನ್ನು ನೋಡಿ ಮುಖ ತಿರುಗಿಸಿದ ನನಗೆ, ಅಷ್ಟು ದೊಡ್ಡ ಸುಳ್ಳನ್ನು ನುಂಗುವಾಗ ಒಂದು ತೇಗೂ ಬರಲಿಲ್ಲ.

ಊರಲ್ಲಿ ಮಾಸ್ತರನ ಮಾತಿಗೆ ಬೆಲೆಯಿತ್ತು, ಅದೇ ದುರ್ದೈವ. ಆ ಮಿಸ್ತ್ರಿ ಹ್ಯಾಂಡಲ್ ಎತ್ತಿದರೆ ಗಾಡಿ ಕೂತವರನ್ನು ಒಗೆಯುತ್ತದೆ ಎಂಬ ಸುದ್ದಿ ಸಂಗೊಳ್ಳಿ, ಕಿತ್ತೂರಿನವರೆಗೂ ಹೋಯಿತು. ಅವನ ಅಂಗಡಿಯ ಮುಂದೆ ಸಾಲಾಗಿ ನಿಲ್ಲುತ್ತಿದ್ದ ಗಾಡಿಗಳು ಬಸ್‌ಸ್ಟ್ಯಾಂಡಿನ ಹೊಸ ಗ್ಯಾರೇಜಿನತ್ತ ಸರಿದವು. ವರ್ಷದೊಳಗೆ ಅವನು ಬಾಗಿಲು ಹಾಕಿ ಸವದತ್ತಿಗೆ ಹೋದ. ಒಮ್ಮೆ ರಾಮದುರ್ಗದ ಬಸ್ಸಿನಲ್ಲಿ ಹೋಗುವಾಗ, ಸವದತ್ತಿಯ ರಸ್ತೆ ಬದಿಯಲ್ಲಿ ಒಂದು ಗಿಡದ ಕೆಳಗೆ ಅವನು ಪಂಕ್ಚರ್ ತಿದ್ದುತ್ತ ಕುಳಿತದ್ದನ್ನು ಕಂಡೆ. ಅವನು ತಲೆ ಎತ್ತಿದ. ನನ್ನ ಚಪ್ಪಲಿಯಲ್ಲಿ ಆಗಲೇ ಏನೋ ಮಹತ್ವದ ದೋಷ ಕಾಣಿಸಿಕೊಂಡಿತು. ಬಗ್ಗಿ ಅದನ್ನು ಬಹಳ ಹೊತ್ತು ಪರಿಶೀಲಿಸಿದೆ.

ಹೆಂಡತಿಯ ಮಣಿಕಟ್ಟು ಕೂಡಿತು, ಆದರೆ ಹಳೆಯ ಲಯ ಬರಲಿಲ್ಲ. ಹಾಳೆಯಂಥ ರೊಟ್ಟಿ ಬಡಿಯುತ್ತಿದ್ದ ಕೈ ದಪ್ಪ ರೊಟ್ಟಿಗಿಳಿಯಿತು. ಅದನ್ನು ದಿನಕ್ಕೆರಡು ಹೊತ್ತು ಮಾತಾಡದೆ ಮುರಿದೆ. ಎಷ್ಟೋ ವರ್ಷಗಳ ಮೇಲೆ, ಎರಡು ಸಾವಿರದ ಈಚೆ, ಹೇಳಿಬಿಡೋಣವೆಂದು ಸವದತ್ತಿಗೆ ಹೋದೆ. ಗಿಡ ಇತ್ತು. ಪಕ್ಕದ ಚಹಾದವರು, ಮಿಸ್ತ್ರಿ ತೀರಿಹೋಗಿ ಎರಡು ಮಳೆಗಾಲ ಆಯಿತು ಎಂದರು. ಅವರು ಚಾಚಿದ ಚಹಾವನ್ನು ಆ ದಿನ ಕುಡಿದೆ. ಅಷ್ಟೇ ನಾನು ಮಾಡಿದ ಪ್ರಾಯಶ್ಚಿತ್ತ, ಅದೂ ಬೇರೆಯವರ ಬಸಿಯಲ್ಲಿ.

ಮನೆಗೆ ಬಂದು ಹೆಂಡತಿಗೆ ಮೊದಲಿನಿಂದ ಹೇಳಿದೆ. ಅವಳು ಶೇಂಗಾ ಸುಲಿಯುತ್ತಲೇ ಕೇಳಿದಳು. ಅಂದರೆ ತಾನು ಅರ್ಧ ಚೀಲವೇನು ಎಂದಳು ಮೊದಲು. ಆಮೇಲೆ ಸುಲಿದ ಕಾಳನ್ನು ಮೊರಕ್ಕೆ ಸುರುವಿ:

“ಒಂದ ಮಾತ ನನ್ನ ಕೇಳಿದ್ರ ಬರತಿದ್ದೆನಲ್ರಿ. ಕುಂದರೂದರಾಗ ಏನಿತ್ತು?”

ಹೋದ ವಾರ ಸೀಲು ಬದಲಿಸಿದವರು ಗಾಡಿಯನ್ನು ಮನೆಗೇ ತಂದು ಬಿಟ್ಟು, ಶಾಕಪ್ಪನ್ನು ನೀವೇ ಬೇಕಾದ ಮೆಟ್ಟಿಲಿಗೆ ಹಾಕಿಕೊಳ್ಳಿರೆಂದು ಪಾನಾ ಕೊಟ್ಟು ಹೋದರು. ಬೀದಿಯ ಮೇಲೆಯೇ ಗಾಡಿ ನಿಲ್ಲಿಸಿ ಕುಳಿತೆ. ಹೆಂಡತಿ ಸೆರಗು ಸರಿಮಾಡಿಕೊಂಡು ಬಂದು, ಹೋಗಿಬರುವವರ ಕಣ್ಣೆದುರಿಗೇ ಹಿಂದೆ ಕುಳಿತಳು. ಬಲಗೈ ನನ್ನ ಹೆಗಲ ಮೇಲಿಟ್ಟಳು. ಗಾಡಿ ಕುಸಿಯಿತು. ಎಷ್ಟು ಕುಸಿಯಿತೆಂದು ಮುಂದೆ ಕುಳಿತ ನನಗೆ ಕಾಣಲಿಲ್ಲ, ಹಿಂದೆ ಕುಳಿತ ಅವಳಿಗೂ ಕಾಣಲಿಲ್ಲ. ಅದಕ್ಕೆ ಹಿಂದೆ ನಿಂತು ನೋಡುವ ಮೂರನೆಯವನೊಬ್ಬ ಬೇಕು.

ಪಾನಾ ಕೈಯಲ್ಲಿ ಹಿಡಿದುಕೊಂಡು ಇಬ್ಬರೂ ಹಾಗೆಯೇ ಸ್ವಲ್ಪ ಹೊತ್ತು ಕುಳಿತಿದ್ದೆವು...